ಬಂಡೀಪುರದ ಹಾದಿಯಲ್ಲಿ ಸಿದ್ದವ್ವ

ಅಕ್ಕಿಆಲೂರಿನ ಸಿದ್ದವ್ವ ಬಂಡೀಪುರಕ್ಕೆ ಹೋದದ್ದು ಆನೆ ನೋಡುವ ಆಸೆಯಿಂದಲ್ಲ, ಗಂಡ ನಾಗಪ್ಪನವರ ಹಟಕ್ಕೆ. ಅದು ೧೯೬೧ರ ಮಾಗಿಯ ಕೊನೆ. ಸುಗ್ಗಿ ಮುಗಿದು ಅವರ ಅಕ್ಕಿಗಿರಣಿಗೆ ಕೆಲಸ ಕಡಿಮೆಯಾಗಿತ್ತು. ಶಿಗ್ಗಾಂವಿಯ ಖಾದರಸಾಬನ ವ್ಯಾನು ಗೊತ್ತುಮಾಡಿ, ನಾಗಪ್ಪನವರ ತಂಗಿ ಮಹಾದೇವಕ್ಕನನ್ನೂ ಕರೆದುಕೊಂಡು ಮೈಸೂರು, ನಂಜನಗೂಡು ನೋಡಿ ಕಾಡಿಗೆ ಬಂದಿದ್ದರು.

ಬೆಳಗ್ಗೆ ಪ್ರವಾಸಿಗಳಿಗೆ ಇಲಾಖೆಯ ಆನೆ ಚಂಪಾಳ ಮೇಲೆ ಸವಾರಿಯಿತ್ತು. ಅಣ್ಣ ತಂಗಿ ಹತ್ತಿದರು. ಮಾವುತ ಕುತುಬುದ್ದೀನ ಎಷ್ಟು ಕರೆದರೂ ಸಿದ್ದವ್ವ ಮಾತ್ರ ದೂರವೇ ನಿಂತಳು.

"ನನಗ ಎತ್ತಿನ ಗಾಡಿನ ಸಾಕಪ್ಪಾ," ಎಂದಳು.

ಮಧ್ಯಾಹ್ನ ಗುಂಡ್ಲುಪೇಟೆಯ ಕಡೆ ಹಿಂತಿರುಗುವಾಗ ವ್ಯಾನಿನ ನೀರು ಕುದಿಯಿತು. ಖಾದರಸಾಬ ಹಳ್ಳದ ಬದಿಗೆ ಗಾಡಿ ನಿಲ್ಲಿಸಿ, "ಯಾರೂ ಕೆಳಗಿಳೀಬ್ಯಾಡ್ರಿ," ಎಂದು ಹೇಳಿ ಡಬ್ಬಿ ಹಿಡಿದು ನೀರಿಗೆ ಹೋದ. ದಾರಿಯ ಧೂಳಿನಿಂದ ಸಿದ್ದವ್ವನ ಕಣ್ಣು ಉರಿಯುತ್ತಿದ್ದವು. ಮುಖ ತೊಳೆದರೆ ಸಾಕೆಂದು ಇಳಿದು, ಸ್ವಲ್ಪ ಮೇಲೆ ಪೊದೆಗಳಾಚೆ ತಿಳಿನೀರಿದ್ದಲ್ಲಿ ಕುಳಿತಳು.

ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದಾಗ ವ್ಯಾನು ಕಾಣಲಿಲ್ಲ. ಅದಕ್ಕೂ ಅವಳಿಗೂ ನಡುವೆ ಒಂದು ಸಲಗ ನಿಂತಿತ್ತು. ಒಂದು ಕಿವಿ ಹರಿದಿತ್ತು, ದಂತಗಳಿಗೆ ಕೆಸರು ಮೆತ್ತಿತ್ತು. ಅವಳು ಹತ್ತಿರದ ಹುತ್ತದ ಹಿಂದೆ ಮೆಲ್ಲಗೆ ಕುಸಿದು ಕುಳಿತಳು.

ಅಷ್ಟರಲ್ಲಿ ಗಾಡಿಗೆ ಮರಳಿದ್ದ ಖಾದರಸಾಬ ಆನೆಯನ್ನು ಕಂಡ. ನಾಗಪ್ಪನವರು ಬಾಗಿಲು ತೆಗೆದು ಧುಮುಕಲು ಹೋದಾಗ ಗಟ್ಟಿಯಾಗಿ ಹಿಡಿದುಕೊಂಡ.

"ಅಕಿ ಒಬ್ಬಾಕಿನ ಅದಾಳೋ! ಬಿಡೋ!"

"ಬ್ಯಾಡ್ರಿ ಸಾವಕಾರ್ರ. ನೀವು ಓಡಿದ್ರ ಅದು ಬೆದರಿ ಅವ್ವಾರ ಕಡೆಗೇ ಹೋಗತೈತ್ರಿ."

ಮಹಾದೇವಕ್ಕ ಕಣ್ಣು ಮುಚ್ಚಿ ಶಿವನ ಹೆಸರು ಹೇಳತೊಡಗಿದಳು. ಸಲಗ ಸೊಂಡಿಲೆತ್ತಿ ಗಾಳಿ ಮೂಸಿತು, ಹುತ್ತದತ್ತ ಎರಡು ಹೆಜ್ಜೆ ಹಾಕಿ ನಿಂತಿತು.

ಆಗ ಹಳ್ಳದ ಆಚೆ ದಂಡೆಯಿಂದ ಗಂಟೆಯ ಸದ್ದು ಕೇಳಿಸಿತು. ಬೆನ್ನ ತುಂಬ ಸೊಪ್ಪು ಹೇರಿಕೊಂಡು ಚಂಪಾ ಶಿಬಿರಕ್ಕೆ ಮರಳುತ್ತಿತ್ತು. ಮೇಲಿಂದ ಎಲ್ಲವನ್ನೂ ಕಂಡ ಕುತುಬುದ್ದೀನ ಅದನ್ನು ನೀರಿಗಿಳಿಸಿ, ಹುತ್ತಕ್ಕೂ ಸಲಗಕ್ಕೂ ನಡುವೆ ಅಡ್ಡ ತಂದು ನಿಲ್ಲಿಸಿದ. ಸೊಪ್ಪಿನ ಹಗ್ಗ ಬಿಚ್ಚಿ ಹೊರೆ ಜಾರಿಸಿದ.

"ಹೆದರಬೇಡಿ ತಾಯಿ. ಇವಳು ಕೂರ್ತಾಳೆ, ಕಾಲಿನ ಮೇಲೆ ಕಾಲಿಟ್ಟು ಹತ್ತಿ. ಅವನನ್ನ ನೋಡಬೇಡಿ, ನನ್ನ ಕೈ ನೋಡಿ."

ಸಿದ್ದವ್ವ ಹತ್ತಿದಳು. ಹೇಗೆ ಹತ್ತಿದೆನೆಂದು ಅವಳಿಗೇ ತಿಳಿಯಲಿಲ್ಲ. ಆನೆಯ ಒರಟು ಕೂದಲು ಸೀರೆಯೊಳಗಿಂದ ಚುಚ್ಚಿದವು, ಅದರ ಮೈ ಬಿಸಿಲಿಗೆ ಕಾದ ಬಂಡೆಯಂತೆ ಬೆಚ್ಚಗಿತ್ತು. ಸಲಗ ಚೆಲ್ಲಿದ ಸೊಪ್ಪಿಗೆ ಬಾಯಿ ಹಾಕಿ, ಅವರನ್ನು ಮರೆತೇಬಿಟ್ಟಿತು.

ಸ್ವಲ್ಪ ದೂರ ಸಾಗಿದ ಮೇಲೆ ಅವಳೇ ಅಂದಳು, "ಒಂದೀಟ ನಿಂದರಸ್ರಿ."

"ಯಾಕೆ ತಾಯಿ?"

"ಅಂಜಿಕ್ಯಾಗ ನೋಡಾಕ ಆಗಲಿಲ್ಲ. ಈಗ ನೋಡತೇನಿ."

ಕುತುಬುದ್ದೀನ ನಕ್ಕು ನಿಲ್ಲಿಸಿದ. ಸಲಗ ಕೊಂಬೆಯೊಂದನ್ನು ಕಾಲಡಿ ಒತ್ತಿ ತೊಗಟೆ ಸುಲಿಯುತ್ತಿತ್ತು, ಅವಸರವಿಲ್ಲದೆ. ತನ್ನನ್ನು ತುಳಿಯದೆ ಬಿಟ್ಟ ಆ ದೊಡ್ಡ ಜೀವಕ್ಕೆ ಸಿದ್ದವ್ವ ಕೂತಲ್ಲಿಂದಲೇ ಕೈ ಮುಗಿದಳು.

ವ್ಯಾನಿನ ಬಳಿ ಇಳಿದಾಗ ನಾಗಪ್ಪನವರು ಮಾವುತನ ಎರಡೂ ಕೈ ಹಿಡಿದುಕೊಂಡರು. ಮಹಾದೇವಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನೇ ಅವನಿಗೆ ಕೊಟ್ಟಳು. ಸಿದ್ದವ್ವ ಕೇಳಿದಳು, "ನಮ್ಮ ಕಡೆ ನಿಮ್ಮವರು ಯಾರರ ಅದಾರೇನ್ರಿ?"

"ಹೆಂಡತಿ ಹಾಜರಾಬಿಯ ತವರು ಸವಣೂರು ತಾಯಿ."

"ಹಂಗಾದ್ರ ನಮ್ಮನಿಗೆ ಬರಾಕಬೇಕು."

ಮರುವರ್ಷ ಅವನು ಹೆಂಡತಿಯೊಂದಿಗೆ ನಿಜವಾಗಿಯೂ ಬಂದ. ಸಿದ್ದವ್ವ ಹಾಜರಾಬಿಯನ್ನು ಅಡುಗೆಮನೆಗೇ ಕರೆದೊಯ್ದು ಮಣೆ ಹಾಕಿದಳು. ಹೊಸ ಅಕ್ಕಿಯ ಅನ್ನಕ್ಕೆ ಅವಳು ಸಾಕೆಂದರೂ ಬಿಡದೆ ತುಪ್ಪ ಬಡಿಸುತ್ತ ಕೇಳಿದಳು:

"ಆ ಕಿವಿ ಹರಿದ ಆನಿ ಆರಾಮ ಐತೇನವ್ವಾ?"

"ಆರಾಮ ಐತ್ರಿ ಅಕ್ಕಾರ," ಎಂದಳು ಹಾಜರಾಬಿ. "ಮೊನ್ನೆನೂ ಹಳ್ಳಕ್ಕ ಬಂದಿತ್ತಂತ್ರಿ."

ಸಿದ್ದವ್ವನಿಗೆ ತವರಿನ ಸುದ್ದಿ ಕೇಳಿದಷ್ಟು ಸಮಾಧಾನವಾಯಿತು. ಸಂಜೆ ಹೊರಡಲೆದ್ದ ಆ ಇಬ್ಬರನ್ನು ಅವಳು ಹೋಗಗೊಡಲಿಲ್ಲ.