ಹತ್ತರಿಂದ ಭಾಗಿಸುವ ಗೋದಾವರಿಬಾಯಿ

ಮೇ ತಿಂಗಳ ಹೈದರಾಬಾದಿನಲ್ಲಿ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಬಿಸಿಲಿನಲ್ಲಿ, ಉಣ್ಣೆಯ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಹಿಮಾಯತ್‌ನಗರದ ಬಸ್‌ಸ್ಟಾಪಿನಲ್ಲಿ ನಿಂತಿದ್ದರೆ ಅವರು ಗೋದಾವರಿಬಾಯಿಯೇ ಸರಿ. ಕೇಂದ್ರ ಸರಕಾರದ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯ ಕೃತಕ ಶೈತ್ಯದಲ್ಲಿ ಮೂವತ್ತಮೂರು ವರ್ಷ ದುಡಿದ ದೇಹ ಅದು. ನಿವೃತ್ತಿಯಾಗಿ ಹನ್ನೆರಡು ವರ್ಷ ಕಳೆದರೂ ಆ ಚಳಿ ಅವರ ಮೈಬಿಟ್ಟಿಲ್ಲ. ನಡಿಗೆಯೂ ಅಲ್ಲಿಯದೇ. ತಂತಿಗಳನ್ನು ಅಡಗಿಸಿಟ್ಟಿದ್ದ ಆ ನೆಲದ ಹಾಸುಗಳು ಒಮ್ಮೊಮ್ಮೆ ಸಡಿಲವಾಗಿರುತ್ತಿದ್ದವಾದ್ದರಿಂದ, ಇಂದಿಗೂ ಅವರು ಕಾಲ್ಬೆರಳಿನಿಂದ ನೆಲವನ್ನು ಮುಟ್ಟಿನೋಡಿ, ನಂಬಿಕೆ ಬಂದಮೇಲೆ ಹೆಜ್ಜೆ ಊರುತ್ತಾರೆ.

ಜಗತ್ತಿಗೆಲ್ಲ ಅವರದು ಒಂದೇ ಮಾನದಂಡ: ಸೆಕೆಂಡಿಗೆ ಎಷ್ಟು ಅಕ್ಷರ? ಅವರು ಕೆಲಸಕ್ಕೆ ಸೇರಿದಾಗ ದೂರವಾಣಿಯ ತಂತಿಯಲ್ಲಿ ಸೆಕೆಂಡಿಗೆ ಮುನ್ನೂರು ಬಿಟ್ ಹರಿಯುತ್ತಿದ್ದವು, ಅಂದರೆ ಮೂವತ್ತು ಅಕ್ಷರ. ಪರದೆಯ ಮೇಲೆ ಸಾಲು ಮೂಡುತ್ತಿದ್ದಂತೆಯೇ ಓದುತ್ತ ಕೂರಬಹುದಿತ್ತು. ಆಮೇಲೆ ಸಾವಿರದಿನ್ನೂರು ಬಂತು, ಒಂಬತ್ತು ಸಾವಿರದಾರುನೂರು ಬಂತು. ಯಾವುದು ಯಾವ ವರ್ಷ, ಯಾವ ಮೋಡೆಮ್ ಪೆಟ್ಟಿಗೆಯಲ್ಲಿ ಬಂತೆಂಬುದೆಲ್ಲ ಅವರಿಗೆ ಬಾಯಿಪಾಠ. ತಮ್ಮನ ಮಗಳು ಅಪೂರ್ವ, ಫೋಟೋ ಹೋಗುತ್ತಿಲ್ಲವೆಂದು ಫೋನು ಕುಕ್ಕುತ್ತ ಕೂತರೆ ಬಾಯಿಯವರ ಲೆಕ್ಕ ತಯಾರು.

"ಮುನ್ನೂರರಾಗ ಈ ಒಂದು ಫೋಟೋಕ್ಕ ಒಂದೂವರಿ ದಿನ ಹಿಡೀತೈತಿ. ಸುಮ್ನ ಕೂಡು."

"ಒಂದೂವರಿ ದಿನ ಏನ್ ಮಾಡ್ತಿದ್ರಿ ಅತ್ತಿ?"

"ಲಗ್ನಾ ಮಾಡಿ ಮುಗಸ್ತಿದ್ವಿ."

ಎಂಟು ಬಿಟ್ಟಿಗೊಂದು ಅಕ್ಷರವೆಂದು ಪುಸ್ತಕ ಓದಿದ ಎಲ್ಲರಿಗೂ ಗೊತ್ತು. ಹಾಗಾಗಿ ಎಲ್ಲರೂ ವೇಗವನ್ನು ಎಂಟರಿಂದ ಭಾಗಿಸುತ್ತಾರೆ. ಬಾಯಿಯವರಿಗೆ ಸಿಟ್ಟು ನೆತ್ತಿಗೇರುವುದು ಅಲ್ಲಿಯೇ. ಹಳೆಯ ತಂತಿಯಲ್ಲಿ ಪ್ರತಿ ಅಕ್ಷರದ ಮುಂದೊಂದು, ಹಿಂದೊಂದು ಬಿಟ್ ಹೆಚ್ಚಿಗೆ ಬರುತ್ತದೆ. "ಮನಿಗೆ ಬಂದಾವ್ರು ಬಾಗಲದಾಗ ಬಂದೆ ಅಂತಾರ, ಹೋಗುವಾಗ ಬರ್ತೀನಿ ಅಂತಾರ. ಅದಕ್ಕೂ ಹೊತ್ತು ಬೇಕಿಲ್ಲೇನು? ಹತ್ತರಿಂದ ಭಾಗ್ಸ್ರಿ." ಇಷ್ಟು ಹೇಳಿ ಎಷ್ಟು ಮಂದಿ ಅಧಿಕಾರಿಗಳ ಲೆಕ್ಕವನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದಾರೋ! ಅವರ ಅಂಕಿ ತಪ್ಪಿದ್ದನ್ನು ಕಂಡವರಿರಲಿಲ್ಲ.

ಹೋದ ಮೇ ತಿಂಗಳಲ್ಲಿ ಪಟಾನ್‌ಚೆರುವಿನ ಒಂದು ಸಣ್ಣ ಶೆಡ್ಡಿನಿಂದ ಅವರಿಗೆ ಕರೆ ಬಂತು. ಅಲ್ಲಿ ಹಲ್ಲುಚಕ್ರ ಕೊರೆಯುವ ಹಳೆಯ ಯಂತ್ರವೊಂದರ ಬ್ಯಾಟರಿ ಸತ್ತುಹೋಗಿ, ಅದರ ನೆನಪೆಲ್ಲ ಬರೀ ಕರೆಂಟಿನ ಮೇಲೆ ಉಸಿರು ಹಿಡಿದಿತ್ತು. ಹನ್ನೆರಡೂ ಕಾಲಿಗೆ ಲೈನ್ ರಿಪೇರಿಗೆಂದು ಕರೆಂಟು ತೆಗೆಯುವವರಿದ್ದರು. ಶೆಡ್ಡಿನಲ್ಲಿ ಜನರೇಟರ್ ಇರಲಿಲ್ಲ. ಅಷ್ಟರೊಳಗೆ ನೆನಪನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳದಿದ್ದರೆ ಯಂತ್ರ ಗುಜರಿಗೆ, ಇಪ್ಪತ್ತೆರಡು ವರ್ಷದಿಂದ ಅದನ್ನು ನಡೆಸುತ್ತಿದ್ದ ಶಿವದೇವಿ ಮನೆಗೆ.

ಯಂತ್ರಕ್ಕೆ ಗೊತ್ತಿದ್ದುದು ಮುನ್ನೂರರ ವೇಗವೊಂದೇ. ಇಳಿಸಬೇಕಿದ್ದುದು ಒಂದು ಲಕ್ಷ ಮೂವತ್ತೊಂದು ಸಾವಿರ ಅಕ್ಷರ. ಅಲ್ಲಿನ ಎಳೆಯ ಇಂಜಿನಿಯರ್ ಅರವಿಂದ್ ಎಂಟರಿಂದ ಭಾಗಿಸಿ, ಐವತ್ತೆಂಟು ನಿಮಿಷ ಸಾಕು, ಚಹಾ ಕುಡಿದು ಶುರುಮಾಡೋಣ ಎಂದ. ಬಾಯಿಯವರು ಹತ್ತರಿಂದ ಭಾಗಿಸಿ ಎಪ್ಪತ್ತಮೂರು ಎಂದರು. ಚಹಾ ರದ್ದಾಯಿತು, ಸರಿಯಾಗಿ ಹನ್ನೊಂದಕ್ಕೆ ಅಕ್ಷರಗಳು ಇಳಿಯತೊಡಗಿದವು. ಎರಡು ನಿಮಿಷ ಉಳಿಯುತ್ತದೆಂದು ಲೆಕ್ಕ. ಶಿವದೇವಿ ಯಂತ್ರದ ಮೈಮೇಲೆ ಕೈಯಿಟ್ಟು ನಿಂತಳು. "ಇದು ಹೋತಂದ್ರ ನಂದೂ ಮುಗೀತ್ರಿ ಬಾಯಾರ," ಎಂದಳು.

ಹತ್ತು ನಿಮಿಷಕ್ಕೆ ಹದಿನೆಂಟು ಸಾವಿರ ಅಕ್ಷರ ಬಂದಿರಬೇಕು. ಪರದೆಯಲ್ಲಿದ್ದುದು ಹದಿನಾರು ಸಾವಿರ ಚಿಲ್ಲರೆ. ಬಾಯಿಯವರು ಗಡಿಯಾರ ನೋಡಿದರು, ಮತ್ತೆ ಪರದೆ ನೋಡಿದರು, ಸ್ವೆಟರಿನ ಗುಂಡಿಯೊಂದನ್ನು ಬಿಚ್ಚಿದರು. ಆ ಮುದಿ ಯಂತ್ರ ಪ್ರತಿ ಅಕ್ಷರದ ಹಿಂದೆ ಒಂದಲ್ಲ, ಎರಡು ಬಿಟ್ ಕಳಿಸುತ್ತಿತ್ತು. ಅವರು ಕೆಲಸ ಕಲಿತ ಮೊದಲ ವರ್ಷ ಇಂಥ ಯಂತ್ರಗಳೂ ಕೆಲವಿದ್ದವು. ಹೊಸ್ತಿಲಲ್ಲೊಮ್ಮೆ ಬರ್ತೀನಿ ಎಂದು, ಗೇಟಿನ ಬಳಿ ಮತ್ತೊಮ್ಮೆ ಹೇಳುವ ಹಳೆಯ ನಂಟರು ಅವು. ಭಾಗಿಸಬೇಕಾದದ್ದು ಹನ್ನೊಂದರಿಂದ. ಮುಗಿಯುವುದು ಹನ್ನೆರಡೂ ಇಪ್ಪತ್ತಕ್ಕೆ.

"ತಪ್ಪು ನಂದ," ಎಂದರು ಎಲ್ಲರಿಗೂ ಕೇಳುವಂತೆ. "ಐದು ನಿಮಿಷ ಕಮ್ಮಿ ಬೀಳತೈತಿ."

ಆ ಬಿಸಿಲಿನಲ್ಲಿ ಅವರು ಮೊದಲ ಸಲ ನೆಲವನ್ನು ಪರೀಕ್ಷಿಸದೆ ದಡದಡ ನಡೆದು ರಸ್ತೆಯಾಚೆಯ ಟ್ರಾನ್ಸ್‌ಫಾರ್ಮರ್ ಬಳಿ ಹೋದರು. ಲೈನ್‌ಮನ್ನಿಗೆ ತೆಲುಗಿನಲ್ಲಿ ನಡೆದುದನ್ನೆಲ್ಲ ಬಿಡಿಸಿ ಹೇಳಿ, ಲೆಕ್ಕ ತಪ್ಪಿದ್ದು ತಾನೇ ಎಂದೂ ಸೇರಿಸಿ, ಐದು ನಿಮಿಷ ತಡೆಯಲು ಕೇಳಿದರು. ಈ ಊರಿನಲ್ಲಿ ಐದು ನಿಮಿಷವೆಂದರೆ ಮುಕ್ಕಾಲು ಗಂಟೆ. ಅವನು ನಕ್ಕ. ಬಾಯಿಯವರು ಕೈಗಡಿಯಾರ ಬಿಚ್ಚಿ ಅವನ ಅಂಗೈಯಲ್ಲಿಟ್ಟು, ಐದರ ಮೇಲೊಂದು ನಿಮಿಷ ಹೆಚ್ಚಿಗೆ ಹಿಡಿದು ಹನ್ನೆರಡೂ ಇಪ್ಪತ್ತೊಂದಕ್ಕೆ ಹ್ಯಾಂಡಲ್ ಎಳೆದುಬಿಡು, ನಾನು ಮತ್ತೆ ಕೇಳಲು ಬರುವುದಿಲ್ಲ ಎಂದರು. ಅವನ ನಗು ನಿಂತಿತು.

ಹನ್ನೆರಡೂ ಇಪ್ಪತ್ತಕ್ಕೆ ಕೊನೆಯ ಅಕ್ಷರ ಇಳಿಯಿತು. ಇಪ್ಪತ್ತೊಂದಕ್ಕೆ ಶೆಡ್ಡು ಕತ್ತಲಾಯಿತು. ಶಿವದೇವಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಎಂಟರಿಂದ ಭಾಗಿಸಿದ್ದಕ್ಕೆ ಅರವಿಂದ್ ಕ್ಷಮೆ ಕೇಳಿದ.

"ನೀ ತಿಳೀದ ತಪ್ಪಿದಿ," ಎಂದರು ಬಾಯಿ. "ನಾ ತಿಳದು ತಪ್ಪಿದೆ. ನಂದ ದೊಡ್ಡದು."

ಇಂಥವರನ್ನು ನಾವು ನಿಧಾನಸ್ಥರೆಂದು ಕರೆದು, ಸ್ವೆಟರು ನೋಡಿ ನಕ್ಕು ಮುಂದೆ ಸಾಗುತ್ತೇವೆ. ಇಂದಿನ ವೇಗದಲ್ಲಿ ಸರಿಯೂ ತಪ್ಪೂ ಕಣ್ಣೆವೆಯಿಕ್ಕುವುದರೊಳಗೆ ಒಟ್ಟಿಗೇ ದಾಟಿಹೋಗುತ್ತವೆ. ಯಾವುದು ಯಾವುದೆಂದು ಅಪಘಾತವಾದ ಮೇಲಷ್ಟೇ ತಿಳಿಯುತ್ತದೆ. ಅಕ್ಷರಗಳು ಒಂದೊಂದಾಗಿ ಇಳಿಯುವುದನ್ನು ನೋಡುತ್ತ ಬೆಳೆದ ಜನಕ್ಕೆ ತಮ್ಮ ತಪ್ಪು ಕಣ್ಣೆದುರೇ ಬೆಳೆಯುತ್ತಿರುವುದು ಕಾಣುತ್ತಿತ್ತು. ಅದನ್ನು ನೋಡಿ, ತನ್ನದೆಂದು ಒಪ್ಪಿ, ಎದ್ದುಹೋಗಿ ಇನ್ನೊಬ್ಬರನ್ನು ಕೈಮುಗಿದು ಕೇಳಲು ಅವರಿಗಿನ್ನೂ ಹೊತ್ತು ಇರುತ್ತಿತ್ತು. ಆ ಹೊತ್ತನ್ನು ನಾವು ಉಳಿತಾಯವೆಂದು ತಿಳಿದು ಕಳೆದುಕೊಂಡೆವು.