ಹಸಿ ಬಣ್ಣದ ಗೋಡೆ

ಬಿಳಿ ಗೋಡೆಯ ಮೇಲೆ ಮತ್ತೆ ಗುರುತು, ಸೊಂಟದೆತ್ತರಕ್ಕೆ, ಮೆಟ್ಟಿಲಿನ ಜೊತೆಜೊತೆಗೇ ಇಳಿದುಬಂದ ಅಂಗೈಗಳು, ಸಾರ್ ಇದನ್ನೂ ಬಳಿದುಬಿಡ್ಲಾ ಎಂದು ಕೇಳುತ್ತಾನೆ ಬಣ್ಣದವನು, ಬಳಿಯದೆ ಚೌಕಟ್ಟು ಹಾಕಿಸ್ತೀಯೇನಯ್ಯಾ, ಮೂರನೇ ಸಲ ಬಳಿಸುತ್ತಿದ್ದೇನೆ, ಎಲ್ಲ ಅವಳ ಕೈಯಿಂದಲೇ — ನನ್ನ ಹೆಂಡತಿ, ಮೂವತ್ತು ವರ್ಷ ನನ್ನ ಶಿಲ್ಪಗಳ ಧೂಳು ಒರೆಸಿದವಳು, ಗೋಡೆ ಮುಟ್ಟದೆ ಮೆಟ್ಟಿಲಿಳಿಯಲು ಬಾರದವಳು, ಈ ಮನೆಯೂ ನನ್ನ ಶಿಲ್ಪವೇ ಎಂದು ಎಂಜಿನಿಯರನಿಗೆ ಮೊದಲ ದಿನವೇ ಹೇಳಿದ್ದೆ, ಮೆಟ್ಟಿಲು ಗೋಡೆಯಿಂದ ಹೊರಟು ಗಾಳಿಯಲ್ಲಿ ನಿಂತಿರಬೇಕು, ರೇಲಿಂಗ್ ಬೇಡ, ಹಾಕಿದರೆ ಆಸ್ಪತ್ರೆಯ ಹಾಗೆ ಕಾಣುತ್ತದೆ, ಅವನು ತಲೆ ಕೆರೆದುಕೊಂಡ, ಮೇಡಂಗೆ ಮಂಡಿನೋವು ಅಲ್ವಾ ಸಾರ್, ಮಂಡಿಗೆ ಡಾಕ್ಟರಿದ್ದಾರೆ ಕಣಯ್ಯಾ, ನೀನು ಮನೆ ಕಟ್ಟು. ಅವಳು ಕೇಳಿದ್ದು ಅದೊಂದೇ, ಮನೆ ನಿಮ್ಮಿಷ್ಟದ ಹಾಗೇ ಇರಲಿ, ನನಗೆ ಹಿಡ್ಕೊಳ್ಳೋಕೆ ಏನಾದ್ರೂ ಕೊಡಿ ರೀ — ಥೂ, ಆ ಗೋಗರೆತ, ಹಿಡ್ಕೊಳ್ಳೋಕೆ ನಾನಿಲ್ವೇನೇ ಎಂದು ಎಲ್ಲರೆದುರು ನಕ್ಕಿದ್ದೆ, ಎಲ್ಲರೂ ನಕ್ಕರು, ಅವಳೂ.

ಮನೆಯ ತಪಾಸಣೆಗೆ ಪಾಲಿಕೆಯ ಅಧಿಕಾರಿ ಬರುವ ದಿನ ಎಂಜಿನಿಯರ್ ಎಲ್ಲಿಂದಲೋ ಪೈಪು ತಂದು ರೇಲಿಂಗ್ ಕೂರಿಸಿದ, ಎಷ್ಟೋ ಮನೆಗೆ ಹೀಗೇ ಸಾರ್, ಅವರು ಫೋಟೋ ತೆಗೆದ ಮೇಲೆ ಬಿಚ್ಚಿಬಿಡೋದು, ಆವತ್ತು ಅವಳು ಸಣ್ಣ ಹುಡುಗಿಯ ಹಾಗೆ ಆರು ಸಲ ಹತ್ತಿಳಿದಳು, ನೋಡ್ರೀ ಎಷ್ಟು ಸಲೀಸು, ಇದನ್ನ ತೆಗೆಸ್ಬೇಡಿ, ಮರುದಿನ ಅವಳು ಸ್ನಾನಕ್ಕೆ ಹೋದಾಗ ತೆಗೆಸಿದೆ, ಸ್ಕ್ರೂ ತೂತುಗಳನ್ನು ನಾನೇ ಮುಚ್ಚಿದೆ, ಎಷ್ಟು ಅಚ್ಚುಕಟ್ಟಾಗಿ ಎಂದರೆ ಎಲ್ಲಿದ್ದವೆಂದು ಯಾರೂ ಹೇಳಲಾರರು. ಅವಳು ಬಿದ್ದದ್ದು ಮಂಗಳವಾರ, ಪತ್ರಿಕೆಯವರು ಮನೆಯ ಫೋಟೋ ತೆಗೆಯಲು ಬರುವವರಿದ್ದರು, ಬೆಳಗ್ಗೆಯಷ್ಟೇ ಗೋಡೆಗೆ ಎರಡನೇ ಸಲ ಬಳಿಸಿದ್ದೆ, ಅವಳು ಮೇಲಿನಿಂದ ಇಳಿಯುತ್ತಿದ್ದಾಳೆ, ಹಸಿ ಬಣ್ಣದ ಮೇಲೆ ಕೈಯೂರಿ, ಒಂದೊಂದೇ ಮೆಟ್ಟಿಲು, ಮೈಯೆಲ್ಲ ಉರಿದುಹೋಯಿತು ನನಗೆ, ಗೋಡೆ ಮುಟ್ಟಬೇಡ್ವೇ, ಎಷ್ಟು ಸಲ ಹೇಳ್ಬೇಕು, ಆಯ್ತು ರೀ ಅಂದಳು, ಕೈ ತೆಗೆದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು, ಫೋಟೋ ತಪ್ಪಿತಲ್ಲ ಎನಿಸಿತು, ಛೇ, ಮೊದಲು ಎನಿಸಿದ್ದು ಅದೇ — ಬಣ್ಣದವನು ಮೇಲಿನಿಂದ ಬಳಿಯುತ್ತ ಇಳಿಯುತ್ತಾನೆ, ಒಂದು ಅಂಗೈ, ಇನ್ನೊಂದು, ಐದೂ ಬೆರಳು, ಏಳನೇ ಮೆಟ್ಟಿಲು, ಎಂಟು, ಒಂಬತ್ತು, ಇಲ್ಲಿಂದ ಕೆಳಗೆ ಚೆನ್ನಾಗೇ ಇದೆ ಸಾರ್, ಬಳಿಯೋದೇ ಬೇಡ, ಒಂಬತ್ತನೇ ಮೆಟ್ಟಿಲಿನ ಅಂಗೈ, ಅದರ ಕೆಳಗೆ ಬಿಳಿ, ನಾನು ಹೇಳಿದ ಹಾಗೇ, ಒಂದು ಗುರುತೂ ಇಲ್ಲ, ಒಂಬತ್ತನೇ ಮೆಟ್ಟಿಲಿನ ಅಂಗೈ, ಅದರ ಕೆಳಗೆ ಬಿಳಿ