ಪ್ಯಾಕಿಂಗ್ ಶೆಡ್ಡಿನ ವಿಲ್ಫ್

ಹಿತ್ತಾಳೆ ಫಲಕದ ಎರಡನೆಯ ಸ್ಕ್ರೂ ಅರ್ಧ ಒಳಗೆ ಹೋಗಿತ್ತು. ಅಷ್ಟರಲ್ಲಿ ಎಡ್ನಾ ಟ್ರಾಂಟರ್ ಊರುಗೋಲು ಚಾಚಿ, ಅದರ ತುದಿಯನ್ನು ಫಲಕದ ಮೇಲೆ ಒತ್ತಿ ಹಿಡಿದಳು.

"ಸಾಕು, ನಿಲ್ಸಿ. ಏನು ಬರ್ದಿದೆ ಅದ್ರಲ್ಲಿ?"

ಮೊಣಕಾಲೂರಿ ಕೂತಿದ್ದ ಲಾಕ್ಲಿ ಸ್ಕ್ರೂಡ್ರೈವರ್ ಹಿಡಿದೇ ತಲೆಯೆತ್ತಿದ. ಹಳೆಯ ಬೈಕುಗಳ ಈ ಮ್ಯೂಸಿಯಂ ನೋಡಿಕೊಳ್ಳುವವನು ಅವನು. ಇವತ್ತಿಗೆಂದು ಕಪ್ಪು ಟೈ ಕಟ್ಟಿದ್ದ.

"ನೀವೇ ಓದ್ಬಹುದಲ್ಲ ಮೇಡಂ."

"ಕನ್ನಡಕ ಕಾರಲ್ಲಿದೆ. ಓದಿ."

ಲಾಕ್ಲಿ ಗಂಟಲು ಸರಿಮಾಡಿಕೊಂಡು ಓದಿದ. "'ಈ ಮೋಟಾರ್‌ಸೈಕಲ್ಲಿನ ಎಂಜಿನ್ ಜೋಡಿಸಿದ ವಿಲ್ಫ್ರೆಡ್ ಟ್ರಾಂಟರ್ ಅವರ ನೆನಪಿಗೆ.'"

"ಎಂಜಿನ್ನು ಅಂತ ಯಾರು ಹೇಳಿದ್ದು ನಿಮ್ಗೆ?"

ಲಾಕ್ಲಿ ಎಡ್ನಾಳ ಮಗಳು ಗ್ಲೆನಿಸ್ ಕಡೆ ನೋಡಿದ. ಗ್ಲೆನಿಸ್ ಬೈಕಿನ ಹ್ಯಾಂಡಲ್ ನೋಡುತ್ತಿದ್ದಳು. ಅವಳ ಹಿಂದೆ ಗಂಡನ ಕಡೆಯವರು ಸಾಲಾಗಿ ನಿಂತಿದ್ದರು. ಅತ್ತೆಯ ತಲೆಯ ಮೇಲೆ ದೊಡ್ಡ ಕರಿ ಟೊಪ್ಪಿ. ಹೊರಗೆ ಬಾಗಿಲ ಮುಂದೆ ಶವದ ಗಾಡಿ ನಿಂತಿತ್ತು. ಮೋಟಾರ್‌ಸೈಕಲ್ಲಿಗೆ ಉದ್ದನೆಯ ಗಾಜಿನ ಸೈಡ್‌ಕಾರ್ ಜೋಡಿಸಿದ ಗಾಡಿ ಅದು. ಆ ಗಾಜಿನೊಳಗೆ ಎಡ್ನಾಳ ಗಂಡ ವಿಲ್ಫ್ ಇದ್ದ.

"ಅಮ್ಮ, ಚಿತಾಗಾರದಲ್ಲಿ ನಮ್ಮ ಹೊತ್ತು ಮೀರಿಹೋಗುತ್ತೆ," ಗ್ಲೆನಿಸ್ ಮೆಲ್ಲಗೆ ಹೇಳಿದಳು. "ಇದನ್ನ ಆಮೇಲೆ ಮಾತಾಡೋಣ."

"ಮೀರ್ಲಿ. ಸುಳ್ಳನ್ನ ಗೋಡೆಗೆ ಹೊಡ್ದು ನಾನು ಎಲ್ಲಿಗೂ ಬರಲ್ಲ. ಬೇಕಾದ್ರೆ ನೀವೇ ಹೋಗಿ ಸುಟ್ಕೊಂಡು ಬನ್ನಿ."

ಎಡ್ನಾ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತಳು. ಊರುಗೋಲನ್ನು ಮಾತ್ರ ಫಲಕದಿಂದ ತೆಗೆಯಲಿಲ್ಲ.

*

ಗ್ಲೆನಿಸ್ ಹುಡುಗಿಯಾಗಿದ್ದಾಗ ಊರಿನ ಅರ್ಧ ಮನೆಗಳಿಗೆ ವೆನ್ಲಾಕ್ ಮೋಟಾರ್‌ಸೈಕಲ್ ಕಾರ್ಖಾನೆಯೇ ಹೊಟ್ಟೆಪಾಡು. ಕಾರ್ಖಾನೆಯೊಳಗಿನ ಮೇಲುಕೀಳು ಶಾಲೆಯ ಅಂಗಳಕ್ಕೂ ಬಂದಿತ್ತು. ಬೈಕನ್ನು ರಸ್ತೆಯಲ್ಲಿ ಓಡಿಸಿ ನೋಡುವವರ ಮಕ್ಕಳು ಎಲ್ಲರಿಗಿಂತ ಮೇಲೆ, ಅವರ ನಂತರ ಎಂಜಿನ್ ವಿಭಾಗದವರ ಮಕ್ಕಳು, ಆಮೇಲೆ ಬಣ್ಣ ಬಳಿಯುವವರ ಮಕ್ಕಳು. ಪ್ಯಾಕಿಂಗ್ ಶೆಡ್ಡು ಕಾರ್ಖಾನೆಯ ಹಿಂಬದಿಯಲ್ಲಿ, ಕಸದ ರಾಶಿಯ ಪಕ್ಕ ಇತ್ತು. ವಿದೇಶಕ್ಕೆ ಹೋಗುವ ಬೈಕುಗಳ ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿ, ಮರದ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆಯುವುದು ಅಲ್ಲಿಯ ಕೆಲಸ.

"ನಿಮ್ಮಪ್ಪ ಗಾಡಿ ಮಾಡಲ್ಲ ಕಣೇ, ಗಾಡಿ ಮುಚ್ಚಿಡ್ತಾನೆ," ಎಂದು ಒಬ್ಬಳು ಎಲ್ಲರೆದುರು ಹೇಳಿ ನಗಿಸಿದ್ದಳು.

ಆಮೇಲೆ ಬೇರೆ ಶಾಲೆಗೆ ಸೇರಿದಾಗ ಗ್ಲೆನಿಸ್ 'ಎಂಜಿನ್' ಅಂದಳು. ಅಂದದ್ದು ಉಳಿಯಿತು. ಮದುವೆಯಾಗುವ ಹುಡುಗನಿಗೂ ಅದನ್ನೇ ಹೇಳಿದಳು, ಅವನ ತಾಯಿಗೂ ಅದನ್ನೇ.

ಕಾರ್ಖಾನೆ ಮುಚ್ಚಿ ಎಷ್ಟೋ ಕಾಲದ ಮೇಲೆ ಈ ಮ್ಯೂಸಿಯಮ್ಮಿಗೆ ಒಂದು ವೆನ್ಲಾಕ್ ಬಂತು. ಆಸ್ಟ್ರೇಲಿಯಾಕ್ಕೆ ಹೋಗಿದ್ದು, ಅಲ್ಲಿ ಯಾರದೋ ಕೊಟ್ಟಿಗೆಯಲ್ಲಿ ಹೆಚ್ಚು ಓಡದೆ ಕೂತು ಮರಳಿ ಬಂದಿತ್ತು. ಸುದ್ದಿ ಓದಿದ ಗ್ಲೆನಿಸ್ ಅಪ್ಪ ಅಮ್ಮ ಇಬ್ಬರನ್ನೂ ಕಾರಿನಲ್ಲಿ ಕರೆತಂದಳು. ವಿಲ್ಫ್ ಮದುವೆಯ ಸೂಟು ಹಾಕಿಕೊಂಡು ಬಂದಿದ್ದ. ಸಾಲುಸಾಲು ಬೈಕುಗಳ ನಡುವೆ, ಸೋರುವ ಎಣ್ಣೆಗೆಂದು ಅವುಗಳಡಿ ಇಟ್ಟ ತಟ್ಟೆಗಳನ್ನು ತುಳಿಯದಂತೆ ನಡೆದು, ಆ ಕೆಂಪು ಬೈಕಿನ ಮುಂದೆ ನಿಂತ.

ಮ್ಯೂಸಿಯಂ ತೋರಿಸುತ್ತಿದ್ದ ಹುಡುಗಿ ಕೇಳಿದಳು: "ವೆನ್ಲಾಕಲ್ಲಿ ಏನು ಕೆಲ್ಸ ಮಾಡ್ತಿದ್ರಿ ಸರ್?"

ವಿಲ್ಫ್ ಬಾಯಿ ತೆರೆದ.

"ಎಂಜಿನ್ನು," ಅಂದಳು ಗ್ಲೆನಿಸ್.

ವಿಲ್ಫ್ ಬಾಯಿ ಮುಚ್ಚಿಕೊಂಡ. ಬೈಕಿನ ಆಚೆ ಬದಿಗೆ ಹೋಗಿ ಬಗ್ಗಿದ. ಎಂಜಿನ್ ನೋಡಲೇ ಇಲ್ಲ. ಪೆಟ್ರೋಲ್ ಟ್ಯಾಂಕಿನ ಬದಿ, ಹ್ಯಾಂಡಲ್ ತಿರುಗಿದರೆ ತಾಗುವ ಜಾಗ, ಹಿಂದಿನ ಮಡ್‌ಗಾರ್ಡಿನ ಅಂಚು ಇಷ್ಟನ್ನೇ ನೋಡಿದ. ಅದು ಕಾರ್ಖಾನೆಯಲ್ಲಿ ಬಳಿದ ಮೂಲ ಬಣ್ಣವೇ ಎಂದು ಹುಡುಗಿ ವಿವರಿಸುತ್ತಿದ್ದಳು.

"ಒಂದು ಗೀರಿಲ್ಲ ನೋಡು," ಎಂದು ಎಡ್ನಾಳಿಗೆ ಹೇಳಿದ. ಗ್ಲೆನಿಸ್ ಫೋಟೋ ತೆಗೆಯುತ್ತಿದ್ದಳು, ಕೇಳಿಸಿಕೊಳ್ಳಲಿಲ್ಲ.

ಮನೆಗೆ ಮರಳುವಾಗ ಮೀನು ಚಿಪ್ಸ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಗ್ಲೆನಿಸ್ ಸಾಲಿನಲ್ಲಿ ನಿಂತಾಗ ಎಡ್ನಾ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ನಾಲಿಗೆ ಬಿದ್ದುಹೋಗಿತ್ತಾ ನಿಂಗೆ?"

"ಬಿಡೇ. ಮಗು ಮುಖ ನೋಡ್ಲಿಲ್ವಾ? ಎಷ್ಟು ಖುಷಿಯಾಗಿತ್ತು."

"ಮಗು! ಅವ್ಳಿಗೆ ಮಂಡಿನೋವು ಶುರುವಾಗಿದೆ."

ವಿಲ್ಫ್ ನಕ್ಕ. ಆಮೇಲೆ ಮ್ಯೂಸಿಯಮ್ಮಿಗೆ ಹೋಗೋಣವೆಂದು ಗ್ಲೆನಿಸ್ ಎಷ್ಟು ಕರೆದರೂ ಕಾಲುನೋವಿನ ನೆಪ ಹೇಳಿದ.

*

"ಏನಾಯ್ತು ಎಡ್ನಾ? ಯಾಕೆ ಎಲ್ಲಾರೂ ಗೂಟ ಹೊಡ್ದ ಹಾಗೆ ನಿಂತಿದೀರಿ?"

ಹೊರೇಸ್ ಒಳಗೆ ಬಂದ. ಹಿಂದೆ ಬೆರಿಲ್. ಹೊರೇಸ್ ವೆನ್ಲಾಕಿನ ಎಂಜಿನ್ ವಿಭಾಗದಲ್ಲಿದ್ದವನು, ಈಗ ಹಳೆಯ ಬೈಕುಗಳ ಕ್ಲಬ್ಬಿನ ಹಿರಿಯ. ಬೆರಿಲ್ ಪ್ಯಾಕಿಂಗ್ ಶೆಡ್ಡಿನಲ್ಲಿ ವಿಲ್ಫ್‌ನ ಜೋಡಿ ಕೆಲಸದವಳು.

"ನಮ್ಮ ವಿಲ್ಫ್ ಎಂಜಿನ್ ಜೋಡಿಸ್ತಿದ್ನಂತೆ," ಎಡ್ನಾ ಹೇಳಿದಳು. "ಹಿತ್ತಾಳೇಲಿ ಕೆತ್ಸಿದಾರೆ."

ಹೊರೇಸ್ ಫಲಕದ ಮೇಲೆ ಬಗ್ಗಿ ಓದಿ ಜೋರಾಗಿ ನಕ್ಕುಬಿಟ್ಟ. ಸಾವಿನ ದಿನವೆಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದ. "ನಮ್ಮ ಶಾಪಿನೊಳಗೆ ಅವ್ನನ್ನ ಬಿಡ್ತಾನೇ ಇರ್ಲಿಲ್ಲ. ನಮ್ಮ ಎಂಜಿನ್ ಅಡೀಲಿ ರಟ್ಟು ಹಾಸಿ ಬೈತಿದ್ದ."

"ಹಾಸ್ದೆ ಏನು ಮಾಡ್ಬೇಕಿತ್ತು?" ಬೆರಿಲ್ ಅಂದಳು. "ನೀವು ಕಳ್ಸಿದ್ದೆಲ್ಲ ಸೋರ್ತಿತ್ತು. ಎಣ್ಣೆ ಖಾಲಿ ಮಾಡಿದ್ರೂ ಸೋರ್ತಿತ್ತು. ಅದು ಎಲ್ಲಿಂದ ಬರ್ತಿತ್ತೋ ನಿಂಗೂ ಗೊತ್ತಿಲ್ಲ, ದೇವ್ರಿಗೂ ಗೊತ್ತಿಲ್ಲ."

"ಎಂಜಿನ್ ಅಂದ್ಮೇಲೆ ಬೆವರುತ್ತೆ ಕಣೇ."

"ನಮ್ಮ ಪೆಟ್ಟಿಗೆ ಬೆವರ್ಲಿಲ್ಲವಲ್ಲ."

ಗ್ಲೆನಿಸ್‌ಳ ಕಿವಿ ಕೆಂಪಾಗಿತ್ತು. "ನಾನು ಅವಮಾನ ಮಾಡೋಕೆ ಬರ್ಸಿದ್ದಲ್ಲ ಅಮ್ಮ. ಅಪ್ಪಂಗೆ ಮರ್ಯಾದೆ ಸಿಗ್ಲಿ ಅಂತ."

"ಯಾರ ಮರ್ಯಾದೆ? ನಿಮ್ಮಪ್ಪನ ಹತ್ರ ಇದ್ದದ್ದು ಸಾಲ್ದಾಯ್ತಾ? ಬದುಕಿದ್ದಾಗ ಅವ್ನು ನಿನಗೋಸ್ಕರ ಸುಮ್ನಿದ್ದ. ಅದು ಅವ್ನ ಇಷ್ಟ. ಈಗ ಅವ್ನಿಗೆ ಬಾಯಿಲ್ಲ, ನಂಗಿದೆ."

ಲಾಕ್ಲಿ ಎದ್ದುನಿಂತು ಮಂಡಿಯ ಧೂಳು ಒರೆಸಿಕೊಂಡ.

*

ಕಾರ್ಖಾನೆ ಮುಚ್ಚಿದ ದಿನ ಎಡ್ನಾ ಊಟ ಇಟ್ಟುಕೊಂಡು ಕಾದಿದ್ದಳು. ಬೀದಿಯ ಉಳಿದ ಗಂಡಸರೆಲ್ಲ ಮಧ್ಯಾಹ್ನವೇ ಬಂದಿದ್ದರು. ಕೆಲವರು ಮನೆಗೆ, ಕೆಲವರು ನೇರ ಪಬ್ಬಿಗೆ. ವಿಲ್ಫ್ ಮಾತ್ರ ಇಲ್ಲ. ಆಲೂಗಡ್ಡೆ ತಣ್ಣಗಾಗಿ ಕಲ್ಲಾದ ಮೇಲೆ ಬಂದ. ಕೈಯಲ್ಲಿ ಗ್ರೀಸು, ಕೋಟಿನ ಮೇಲೆ ಮರದ ಹೊಟ್ಟು.

"ಎಲ್ಲಿ ಸತ್ತಿದ್ದೆ?"

"ಒಂದು ಗಾಡಿ ಉಳ್ದಿತ್ತು. ಆಸ್ಟ್ರೇಲಿಯಾದ್ದು."

ಮೇಸ್ತ್ರಿ, ಹೇಗೋ ಒಂದು ಮೊಳೆ ಹೊಡೆದು ನಡೀರಿ ಎಂದು ಹೋಗಿಬಿಟ್ಟಿದ್ದನಂತೆ. ವಿಲ್ಫ್ ಮತ್ತು ಬೆರಿಲ್ ಮಾತ್ರ ಉಳಿದು, ಕ್ರೋಮ್ ಭಾಗಗಳಿಗೆಲ್ಲ ಗ್ರೀಸು ಸವರಿ, ಮೇಣದ ಕಾಗದ ಸುತ್ತಿ, ಹಗ್ಗ ಟ್ಯಾಂಕಿಗೆ ತಾಗುವಲ್ಲೆಲ್ಲ ಕಂಬಳಿ ತುಂಡಿಟ್ಟು ಕಟ್ಟಿದ್ದರು. ದೀಪ ಆರಿಸುವವನು ಬಾಗಿಲಲ್ಲಿ ನಿಂತು ಬೈಯುತ್ತಿದ್ದ.

"ಕಂಪನೀನೇ ಇಲ್ಲ ಇನ್ಮೇಲೆ," ಎಡ್ನಾ ಕಿರುಚಿದ್ದಳು. "ಹೇಗೆ ಕಟ್ಟಿದೆ ಅಂತ ಯಾರಿಗೆ ಗೊತ್ತಾಗುತ್ತೆ?"

"ಬಿಚ್ಚೋನಿಗೆ ಗೊತ್ತಾಗುತ್ತೆ," ಎಂದು ಹೇಳಿ ವಿಲ್ಫ್ ತಣ್ಣಗಿನ ಆಲೂಗಡ್ಡೆ ತಿಂದ.

ಆಮೇಲೆ ಶಾಲೆಯೊಂದರಲ್ಲಿ ಕಾವಲುಗಾರನಾಗಿ ಬಾಗಿಲು ಹಾಕುತ್ತ, ತೆಗೆಯುತ್ತ ಉಳಿದ ಕಾಲ ಕಳೆದ. ಮ್ಯೂಸಿಯಮ್ಮಿನ ಕೆಂಪು ಬೈಕು ಆ ಕೊನೆಯ ಬೈಕೇ ಎಂದು ಯಾರೂ ಹೇಳಲಾರರು. ಎಡ್ನಾ ಕೂಡ ಹಾಗೆಂದು ಹೇಳಿಕೊಳ್ಳಲಿಲ್ಲ.

*

"ಕೊಡಿ ಅದನ್ನ," ಎಂದು ಗ್ಲೆನಿಸ್ ಲಾಕ್ಲಿಯ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡಳು. ನೋಯುವ ಮಂಡಿಯೂರಿ ಕೂತು ಸ್ಕ್ರೂಗಳನ್ನು ಬಿಚ್ಚಿದಳು. ಎಡ್ನಾ ಊರುಗೋಲು ಹಿಂದೆಳೆದುಕೊಂಡಳು.

"ಬೇರೆ ಮಾಡಿಸ್ತೀನಿ," ಲಾಕ್ಲಿ ಅಂದ. "ಏನು ಬರ್ಸ್ಲಿ?"

ಗ್ಲೆನಿಸ್ ಬೆರಿಲ್ ಕಡೆ ತಿರುಗಿದಳು. "ಈ ಗಾಡಿ ಅಪ್ಪನೇ ಕಟ್ಟಿದ್ದಾ?"

"ಆಗ ಆಸ್ಟ್ರೇಲಿಯಾಕ್ಕೆ ಹೋದದ್ದೆಲ್ಲ ನಾವಿಬ್ರೇ ಕಟ್ಟಿದ್ದು."

"ಹಾಗಾದ್ರೆ ಇಬ್ರ ಹೆಸ್ರೂ ಹಾಕಿ. ವಿಲ್ಫ್ರೆಡ್ ಟ್ರಾಂಟರ್, ಬೆರಿಲ್ ಸ್ಕಿಡ್‌ಮೋರ್. ಪ್ಯಾಕಿಂಗ್ ಶೆಡ್ಡು."

"ನಾನಿನ್ನೂ ಸತ್ತಿಲ್ಲ ಕಣಮ್ಮ!"

"ಹಿತ್ತಾಳೆಗೆ ಅವಸರವಿಲ್ಲ, ಕಾಯುತ್ತೆ," ಹೊರೇಸ್ ಅಂದ.

ಕರಿ ಟೊಪ್ಪಿಯ ಅತ್ತೆ ಮುಂದೆ ಬಗ್ಗಿದಳು. "ಪ್ಯಾಕಿಂಗಾ, ಗ್ಲೆನಿಸ್? ನೀನು ಎಂಜಿನ್ ಅಂತಿದ್ದೆ."

"ಪ್ಯಾಕಿಂಗ್," ಗ್ಲೆನಿಸ್ ಎದ್ದುನಿಂತು ಹೇಳಿದಳು. ದನಿ ಬೇಕಾದ್ದಕ್ಕಿಂತ ಜೋರಾಯಿತು. ಆಚೆ ಸಾಲಿನಲ್ಲಿ ಬೈಕು ನೋಡುತ್ತಿದ್ದವರೂ ತಿರುಗಿದರು. "ಅರ್ಧ ಪ್ರಪಂಚ ದಾಟಿ ಹೋದ ಗಾಡಿ. ಟ್ಯಾಂಕ್ ನೋಡಿ ಅತ್ತೆ. ಎಲ್ಲಾದ್ರೂ ಗೀರಿದ್ರೆ ತೋರ್ಸಿ."

ಅತ್ತೆ ನಿಜವಾಗಿಯೂ ಕನ್ನಡಕ ಹಾಕಿಕೊಂಡು ಹುಡುಕಿದಳು. ಎಲ್ಲರೂ ಕಾದರು. ಎಡ್ನಾ ಅವಸರಪಡಿಸಲಿಲ್ಲ.

"ಇಲ್ಲ," ಎಂದು ಅತ್ತೆ ಒಪ್ಪಿದಳು.

"ಈಗ ನಡೀರಿ," ಅಂದಳು ಎಡ್ನಾ.

ಹೊರಗೆ ಕ್ಲಬ್ಬಿನವರ ಬೈಕುಗಳು ಸಾಲಾಗಿ ಗುಡುಗುಡು ಎನ್ನುತ್ತಿದ್ದವು. ಶವದ ಗಾಡಿ ಹೊರಟು ಜಲ್ಲಿಕಲ್ಲಿನ ಮೇಲೆ ಇನ್ನೇನು ತಿರುಗಬೇಕು, ಬೆರಿಲ್ ಕೈ ಅಡ್ಡ ಹಾಕಿದಳು.

"ನಿಲ್ಸು! ಒಳಗೆ ಏನೋ ಬಡೀತಿದೆ."

ಗಾಡಿ ಓಡಿಸುತ್ತಿದ್ದವನು ಎಂಜಿನ್ ಆರಿಸಿ ಹೆಲ್ಮೆಟ್ ತೆಗೆದ. "ಪಿನ್ನು ಹಾಕಿದೀವಿ ಮೇಡಂ. ಪೆಟ್ಟಿಗೆ ಕದಲೋದಿಲ್ಲ."

"ಕದಲುತ್ತೆ ಅಂದೆನಾ? ಬಡೀತಿದೆ ಅಂದೆ. ತೆಗಿ."

ಅವನು ಹಿಂಬಾಗಿಲು ತೆಗೆದ. ಶವಪೆಟ್ಟಿಗೆಯ ಹಿಡಿಯೊಂದು ಸಡಿಲವಾಗಿ ಕಂಬಿಗೆ ತಾಗುತ್ತಿತ್ತು. ಬೆರಿಲ್ ಕೊರಳಿನ ಉಣ್ಣೆ ಸ್ಕಾರ್ಫ್ ಬಿಚ್ಚಿ, ಮಡಿಸಿ, ಹಿಡಿಯ ಹಿಂದೆ ಒತ್ತಿ ತುರುಕಿದಳು. ಬಾಗಿಲು ಹಾಕಿಸಿದಳು. ಆದರೆ ಪಕ್ಕಕ್ಕೆ ಸರಿಯಲಿಲ್ಲ.

"ಇನ್ನೇನು?" ಗ್ಲೆನಿಸ್ ಕೇಳಿದಳು.

"ಕೇಳ್ಬೇಕು," ಎಡ್ನಾ ಹೇಳಿದಳು. "ಪೆಟ್ಟಿಗೆ ಮುಚ್ಚಿದ್ಮೇಲೆ ಒಬ್ರು ಅಲ್ಲಾಡಿಸ್ತಾರೆ, ಇನ್ನೊಬ್ರು ಕಿವಿ ಇಟ್ಟು ಕೇಳ್ತಾರೆ. ಒಳಗೆ ಏನಾದ್ರೂ ಸದ್ದಾದ್ರೆ ಮತ್ತೆ ಬಿಚ್ಚೋದೇ. ಸದ್ದಿರೋ ಪೆಟ್ಟಿಗೆ ಶೆಡ್ಡು ಬಿಟ್ಟು ಹೊರಡ್ತಿರ್ಲಿಲ್ಲ."

"ನಾನು ಅಲ್ಲಾಡಿಸ್ತಿದ್ದೆ," ಬೆರಿಲ್ ಅಂದಳು. "ಕೇಳ್ತಿದ್ದದ್ದು ನಿಮ್ಮಪ್ಪ. ಬಾ ಈ ಕಡೆ."

ಹೊರೇಸ್ ಕ್ಲಬ್ಬಿನವರತ್ತ ತಿರುಗಿ ಎಂಜಿನ್ ಆರಿಸಿ ಎಂದು ಅಂಗೈ ಕೆಳಗಿಳಿಸಿ ತೋರಿಸಿದ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ಚಳಿಯಲ್ಲಿ ಆರಿಸಿದ ಹಳೆಯ ಎಂಜಿನ್ನು ಮತ್ತೆ ಶುರುವಾಗುವ ಖಾತ್ರಿ ಇರಲಿಲ್ಲ. ಆದರೂ ಮುಂದಿನವನು ಆರಿಸಿದ. ಅವನ ಹಿಂದಿನವಳು ಆರಿಸಿದಳು. ಹಾಗೆಯೇ ಸಾಲಿನ ತುದಿಯವರೆಗೂ ಒಂದೊಂದಾಗಿ ಸದ್ದು ನಿಂತಿತು.

ಗ್ಲೆನಿಸ್ ತನ್ನ ಟೊಪ್ಪಿ ತೆಗೆದು ಅಮ್ಮನ ಕೈಗೆ ಕೊಟ್ಟಳು. ಜಲ್ಲಿಕಲ್ಲಿನ ಮೇಲೆ ಮಂಡಿಯೂರಿ ಗಾಜಿಗೆ ಕಿವಿಯಿಟ್ಟಳು. ಬೆರಿಲ್ ಎರಡೂ ಕೈಯಿಂದ ಸೈಡ್‌ಕಾರ್ ಹಿಡಿದು ಅಲುಗಿಸಿದಳು. ಅತ್ತೆ ಏನೋ ಹೇಳಲು ಹೋದಾಗ ಲಾಕ್ಲಿ ಅವಳ ತೋಳು ಮುಟ್ಟಿ ಸುಮ್ಮನಾಗಿಸಿದ. ಗ್ಲೆನಿಸ್ ಕಣ್ಣು ಮುಚ್ಚಿದ್ದಳು. ಕಿವಿ ತೆಗೆಯದೆಯೇ ಒಂದು ಬೆರಳೆತ್ತಿ, ಇನ್ನೊಮ್ಮೆ ಅಲುಗಿಸುವಂತೆ ಬೆರಿಲ್‌ಗೆ ಸನ್ನೆ ಮಾಡಿದಳು.